ಹೆಸರುಕಾಳು ಅಂತರಿಕ್ಷಕ್ಕೆ, ಕಾಡುಹೆಸರು ಹಿತ್ತಲಿಗೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಒಂದು ಅಂಕದ ಪ್ರಶ್ನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಮೊದಲ ಭಾರತೀಯ ಯಾರು? ಶುಭಾಂಶು ಶುಕ್ಲಾ. ಯೋಜನೆ? ಆಕ್ಸಿಯಂ-4. ಉಡಾವಣೆ? 2025ರ ಜೂನ್ 25. ನನ್ನ ನೋಟ್‌ಬುಕ್ಕಿನಲ್ಲೂ ಅಷ್ಟೇ ಇತ್ತು. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು: ಧಾರವಾಡದಿಂದ ಹೆಸರುಕಾಳು ಮತ್ತು ಮೆಂತ್ಯೆ ಹೋಗಿವೆ.

ಆ ಸಾಲು ಓದಿದಾಗ ನನಗೆ ನಗು ಬಂತು. ಅಬ್ಬೆತುಮಕೂರಿನಲ್ಲಿ ಹುಟ್ಟಿದವರಿಗೆ ಹೆಸರು ಅಂದರೆ ಮುಂಗಾರಿನ ಮೊದಲ ದುಡ್ಡು. ಹತ್ತಿ, ತೊಗರಿ ಕೈಗೆ ಬರುವ ಎಷ್ಟೋ ಮೊದಲೇ ಅದು ಮನೆಗೆ ಬರುತ್ತದೆ. ಆ ಕಾಳು ಈಗ ಭೂಮಿ ಸುತ್ತಲು ಹೊರಟಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಅಲ್ಲಿನ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಅವರು ರೂಪಿಸಿದ ಪ್ರಯೋಗ ಅದು. ಒಣಬೀಜಕ್ಕೆ ನಿಲ್ದಾಣದಲ್ಲಿ ನೀರುಣಿಸಿ, ಮೊಳಕೆ ಬಂದ ಮೇಲೆ ಶೀತಕದಲ್ಲಿಟ್ಟು ವಾಪಸ್ ತರುವುದು. ಭಾರ ಇಲ್ಲದ ಕಡೆ ಮೊಳೆತ ಕಾಳಿನಲ್ಲಿ ಏನೇನು ಬದಲಾಗಿದೆ ಎಂದು ಪರೀಕ್ಷಿಸುವುದು. ಉಡಾವಣೆ ಮಾತ್ರ ಹಲವು ಸಲ ಮುಂದಕ್ಕೆ ಹೋಯಿತು. ಪರೀಕ್ಷೆ ದಿನಾಂಕಗಳಿಗೆ ಒಗ್ಗಿಹೋದ ನಮ್ಮಂಥವರಿಗೆ ಅದೇನು ಹೊಸದಲ್ಲ.

ನಾನು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಎರಡನೇ ಸಲ ಬರೆದ ಪರೀಕ್ಷೆಯ ಪಟ್ಟಿ ಬಂತು, ನನ್ನ ನಂಬರ್ ಇರಲಿಲ್ಲ. ಮನೆಯಲ್ಲಿ ಕೂರಲಾಗದೆ ಆಯಿಯ ಜೊತೆ ಹೊಲಕ್ಕೆ ಹೋದೆ. ಬದುವಿನ ಮೇಲೆ ಆಕೆ ಒಂದೊಂದೇ ಗಿಡ ತೋರಿಸುತ್ತ ಹೋದಳು: ತಂಗಡಿ, ತುಂಬೆ, ಉತ್ತರಾಣಿ, ವಿಷ್ಣುಕ್ರಾಂತಿ. ಲ್ಯಾಟಿನ್ ಹೆಸರುಗಳು ನನಗೆ ಬಾಯಿಪಾಠ. ಗಿಡ ಮಾತ್ರ ಒಂದೂ ಗುರುತು ಸಿಗಲಿಲ್ಲ. ಆವತ್ತಿನಿಂದ ಒಣಕಾಯಿ ಕಂಡಲ್ಲೆಲ್ಲ ಬಿಡಿಸಿ, ಬೀಜವನ್ನು ಹಳೆಯ ಹಾಲ್‌ಟಿಕೆಟ್ ಹಾಳೆಗಳ ಪೊಟ್ಟಣದಲ್ಲಿ ಕಟ್ಟಿಡತೊಡಗಿದೆ.

ಅವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕಾಡುಹೆಸರು. ನೆಲದ ಮೇಲೆ ಹಬ್ಬಿ, ಚಿಕ್ಕ ಹಳದಿ ಹೂ ಬಿಡುವ ಬಳ್ಳಿ. ನಾವು ಬಿತ್ತುವ ಹೆಸರೂ, ಇದೂ, 2024ರ ಡಿಸೆಂಬರ್ 30ರಂದು ಇಸ್ರೊ ಪಿಎಸ್‌ಎಲ್‌ವಿಯಲ್ಲಿ ಕಳಿಸಿ ನಾಲ್ಕೇ ದಿನಕ್ಕೆ ಮೊಳಕೆ ಬರಿಸಿದ ಅಲಸಂದಿಯೂ ಒಂದೇ ಕುಲದವು. ಅಂದರೆ ಅಂತರಿಕ್ಷಕ್ಕೆ ಹೋಗಿಬಂದವರ ಬಡ ದಾಯಾದಿ ನಮ್ಮ ಬದುವಿನಲ್ಲಿದ್ದಾನೆ.

ಜೂನ್ 25ರ ಮಧ್ಯಾಹ್ನ ರಾಕೆಟ್ ಏರುವುದನ್ನು ಮೊಬೈಲ್‌ನಲ್ಲಿ ನೋಡಿ, ಹಿತ್ತಲಲ್ಲಿ ಮಂಚದಷ್ಟು ಜಾಗ ಅಗೆದು ಬಿತ್ತಿದೆ. ಆಯಿ ಬಾಗಿಲಲ್ಲಿ ನಿಂತು, "ಮಂದಿ ಕಸಾ ಕೀಳತಾರ, ನೀ ಕಸಾ ಬಿತ್ತಲತ್ತೀ ಏನವಾ?" ಎಂದಳು. ಅದೇ ಸಂಜೆ ಎರಡು ಬಟ್ಟಲಲ್ಲಿ ನೀರು ಹಾಕಿ, ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಕಾಡುಹೆಸರು ನೆನೆಯಿಟ್ಟೆ. ಹೆಸರು ರಾತ್ರಿಯೇ ಉಬ್ಬಿತು. ಮೂರನೇ ದಿನ ಬಾಲದಂಥ ಮೊಳಕೆ. ಕಾಡುಹೆಸರು ವಾರವಾದರೂ ಕಲ್ಲು. ಒಂದು ಹಿಡಿ ತೆಗೆದು ಅಂಗಳದ ಒರಟು ಕಲ್ಲಿಗೆ ಮೆಲ್ಲಗೆ ತಿಕ್ಕಿ ಮತ್ತೆ ನೆನೆಹಾಕಿದೆ. ಮರುದಿನವೇ ಉಬ್ಬಿತ್ತು!

ಕಾರಣ ಸಿಪ್ಪೆಯಲ್ಲಿದೆ. ಕಾಡುಬೀಜದ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಬಿಸಿಲಿಗೆ ಸೀಳಿ, ಮಣ್ಣಿಗೆ ಸವೆದು, ಒಂದೊಂದು ಕಾಳು ಒಂದೊಂದು ಮಳೆಗೆ ಏಳುತ್ತದೆ. ಜೂನ್‌ನಲ್ಲಿ ಸುಳ್ಳು ಮಳೆ ಬಿದ್ದು ತಿಂಗಳು ಕೈಕೊಟ್ಟರೂ ವಂಶ ಉಳಿಯುವ ಲೆಕ್ಕಾಚಾರ ಅದು. ಬಿತ್ತುವ ಹೆಸರಿನಿಂದ ಆ ಗುಣವನ್ನು ಮನುಷ್ಯನೇ ಕಳೆದ. ಬಿತ್ತಿದ್ದರಲ್ಲಿ ತಟ್ಟನೆ ಮೊಳೆತದ್ದನ್ನೇ ಕೊಯ್ದು, ಅದನ್ನೇ ಮತ್ತೆ ಬಿತ್ತಿದ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಯಾದ ಹುರುಳಿ, ಹೆಸರು ಸಿಕ್ಕಿವೆ. ಅಷ್ಟು ಹಳೆಯ ಕೆಲಸ ಇದು. ಕೆಲವೇ ದಿನಗಳ ಅಂತರಿಕ್ಷ ಪ್ರಯೋಗಕ್ಕೆ ಹೆಸರು, ಮೆಂತ್ಯೆ ಒಗ್ಗುವುದು ಈ ಕಾರಣಕ್ಕೆ. ಕಾಡುಹೆಸರು ಹೋಗಿದ್ದರೆ ಗಗನಯಾತ್ರಿ ಅಂಗಳದ ಕಲ್ಲು ಒಯ್ಯಬೇಕಾಗುತ್ತಿತ್ತು.

ಹಾಗೆಂದು ಕಳೆಗಿಡಕ್ಕೆ ಅಂತರಿಕ್ಷ ಹೊಸದಲ್ಲ. 1982ರಲ್ಲಿ ಸೋವಿಯತ್ ಒಕ್ಕೂಟದ ಸಲ್ಯೂಟ್-7 ನಿಲ್ದಾಣದಲ್ಲಿ ಮೊದಲ ಸಲ ಹೂ ಬಿಟ್ಟದ್ದು ಅರಾಬಿಡಾಪ್ಸಿಸ್ ಎಂಬ, ಸಾಸಿವೆ ಬಳಗದ ಒಂದು ಪುಟ್ಟ ಕಾಡುಗಿಡ. 2019ರ ಜನವರಿಯಲ್ಲಿ ಚೀನಾದ ಚಾಂಗ್'ಎ-4 ನೌಕೆಯೊಳಗೆ, ಚಂದ್ರನ ಮೇಲೆ, ಹತ್ತಿಬೀಜ ಮೊಳೆತು ಅಲ್ಲಿನ ರಾತ್ರಿಯ ಚಳಿಗೆ ಸತ್ತಿತು. ನಮ್ಮ ಜಿಲ್ಲೆಯ ಹತ್ತಿ ರೈತರಿಗೆ ಇದನ್ನು ಹೇಳಿ ನೋಡಿ, ಮರುಕಪಡುತ್ತಾರೆ.

ಜುಲೈ 15ರಂದು ಶುಕ್ಲಾ ಸಮುದ್ರಕ್ಕಿಳಿದಾಗ ನನ್ನ ಮಡಿಯಲ್ಲಿ ತುಂಬೆ ಸಸಿಗಳಿದ್ದವು, ನಾಲ್ಕು ತಂಗಡಿ, ಉಜ್ಜಿ ಬಿತ್ತಿದ ಕಾಡುಹೆಸರು. ವಿಷ್ಣುಕ್ರಾಂತಿ ಒಂದೂ ಇಲ್ಲ. ನಡುವೆ ಗಜ್ಜರಿ ಎಲೆಯಂಥ ಎಲೆ ಬಿಟ್ಟ ಚೆಂದದ ಸಸಿಯೊಂದಿತ್ತು. ಅದಕ್ಕೆ ಜಾಗ ಮಾಡಲೆಂದು ಪಕ್ಕದ ಆರೇಳು ಸಸಿ ಕಿತ್ತಿದ್ದೆ. ಆಯಿ ನೋಡಿ ಹಣೆ ಚಚ್ಚಿಕೊಂಡಳು. ನಾನು ಸಾಕಿದ್ದು ಕಾಂಗ್ರೆಸ್ ಕಸ, ಕಿತ್ತದ್ದು ತುಂಬೆ.

ನನ್ನ ತಕರಾರು ಇಲ್ಲಿದೆ. ಹೆಸರಿಗೆ ವಿಶ್ವವಿದ್ಯಾಲಯ ಇದೆ, ವಿಜ್ಞಾನಿಗಳಿದ್ದಾರೆ, ಈಗ ರಾಕೆಟ್ಟೂ ಸಿಕ್ಕಿದೆ. ಬದುವಿನ ಗಿಡಗಳಿಗೆ ಇರುವುದು ಆಯಿಯಂಥ ಮುದುಕಿಯರ ನೆನಪು ಮಾತ್ರ, ಅದರ ಮೇಲೆ ಪ್ರತಿ ವರ್ಷ ಕಳೆನಾಶಕ. ಬರ ತಡೆಯುವ ತಳಿ ಬೇಕೆಂದಾಗ ತಜ್ಞರು ಹುಡುಕಿಕೊಂಡು ಬರುವುದು ಬೆಳೆಗಳ ಇಂಥ ಕಾಡುನೆಂಟರನ್ನೇ. ಜುಲೈ ಬಂತೆಂದರೆ ಕಾಲೇಜುಗಳಲ್ಲಿ ವನಮಹೋತ್ಸವ. ನರ್ಸರಿಯಿಂದ ಸಸಿ ತಂದು, ನೆಟ್ಟು, ಫೋಟೊ ತೆಗೆಸಿಕೊಳ್ಳುತ್ತೇವೆ. ಅದೇ ಆವರಣದ ಒಂದು ಮೂಲೆಯನ್ನು ಕೊಯ್ಯದೆ ಬಿಟ್ಟು, ಊರೂರಿನ ವಿದ್ಯಾರ್ಥಿಗಳು ತಮ್ಮ ಬದುವಿನ ಬೀಜ ತಂದು ಬಿತ್ತಿದರೆ ಖರ್ಚು ಏನೂ ಇಲ್ಲ. ಕಾಂಗ್ರೆಸ್ ಕಸ ಕೀಳಲು ನಾಲ್ಕು ಕೈ ಬೇಕು, ಅಷ್ಟೇ. ಗುರುತಿಸಲು ಒಬ್ಬ ಅಜ್ಜಿಯೂ ಬೇಕು. ಈ ವಿಷಯದಲ್ಲಿ ನನಗೆ ಅನುಭವವಿದೆ.

ಕಾರ್ತಿಕದಲ್ಲಿ ತುಂಬೆ ಹೂ ಬಿಟ್ಟಿತು. ಕಸ ಎಂದಿದ್ದ ಆಯಿಯೇ ಸೋಮವಾರ ನಸುಕಿನಲ್ಲಿ ಶಿವನಿಗೆಂದು ಬಿಡಿಸಿಕೊಂಡು ಹೋದಳು. ಬೀಜಕ್ಕೆ ಒಂದು ಸಾಲು ಬಿಡು ಎಂದು ಜಗಳ ಮಾಡಿ ಉಳಿಸಿಕೊಂಡೆ. ಉಜ್ಜದೆ ಹಾಗೇ ಬಿತ್ತಿದ ಇಪ್ಪತ್ತು ಕಾಡುಹೆಸರಿನಲ್ಲಿ ಮೇಲೆ ಬಂದದ್ದು ಮೂರು. "ಖಾಲಿ ಬಿದ್ದದಲ್ಲ, ಅಲ್ಲಿ ಮೆಂತ್ಯಾ ಹಾಕಲೇನ?" ಎಂದು ಅವ್ವ ಕೇಳಿದಳು. ಇನ್ನೂ ಹದಿನೇಳು ಅಲ್ಲೇ ಅದಾವ, ಇನ್ನೊಂದು ಮಳಿಗಾಲ ಬಿಡು ಅಂದೆ.