ಸಲಹೆಗೂ ಬೇಕು ತೆರೆದ ಬಾಗಿಲು

ನೆಲಕ್ಕೆ ಒಡೆಯನುಂಟು, ಆ ನೆಲದ ಮೇಲಣ ಆಕಾಶಕ್ಕೆ ಒಡೆಯರಾರು? ಹಿಂದಿನ ಕಾಲದ ಪಂಡಿತರಿಗೆ ಇದು ಬರಿಯ ವಾದವಿನೋದದ ವಿಷಯವಾಗಿದ್ದಿರಬಹುದು. ವಿಮಾನಗಳು ಹಾರಲಾರಂಭಿಸಿದ ಮೇಲೆ ಮಾತ್ರ ಇದು ಸಂಸಾರವಂದಿಗರ ಪ್ರಶ್ನೆಯೇ ಆಯಿತು. ಅಮೆರಿಕಾದ ಉತ್ತರ ಕರೋಲಿನಾ ರಾಜ್ಯದ ಗ್ರೀನ್ಸ್‌ಬರೋ ನಗರದ ಬಳಿ ಕಾಸ್ಬಿ ಎಂಬ ಗೃಹಸ್ಥರು ಕೋಳಿ ಸಾಕಿಕೊಂಡು ಜೀವನ ನಡೆಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೆರೆಯ ವಿಮಾನ ನಿಲ್ದಾಣವನ್ನು ಸೈನ್ಯದ ವಿಮಾನಗಳೂ ಬಳಸತೊಡಗಿದುವು. ಇಳಿಯುವ ದಾರಿಯು ಅವರ ಮನೆಯ ಮಾಡಿನಿಂದ ಕೇವಲ 67 ಅಡಿ ಮೇಲಕ್ಕೆ ಬಿದ್ದಿತ್ತು. ಆ ಆರ್ಭಟಕ್ಕೂ ರಾತ್ರಿಯ ಕಣ್ಣು ಕೋರೈಸುವ ಬೆಳಕಿಗೂ ಬೆದರಿದ ಕೋಳಿಗಳು ಗೋಡೆಗೆ ಅಪ್ಪಳಿಸಿ ಸಾಯುತ್ತಿದ್ದುವು. ಹೀಗೆ ಸತ್ತವು ಸುಮಾರು 150. ಮನೆಯವರ ನಿದ್ರೆ ಕೆಟ್ಟಿತು, ಕಸುಬು ನಿಂತಿತು. ಆ ಸಂಸಾರವು ಸರ್ಕಾರದ ಮೇಲೆ ದಾವೆ ಹೂಡಿತು. ಇಷ್ಟು ತಗ್ಗಿನಲ್ಲಿ ಪದೇ ಪದೇ ಹಾರುವುದು ಪರರ ಸ್ವತ್ತನ್ನು ವಶಪಡಿಸಿಕೊಂಡಂತೆಯೇ ಸರಿ, ಅದಕ್ಕೆ ಪರಿಹಾರ ಸಲ್ಲಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 1946ರಲ್ಲಿ ತೀರ್ಪಿತ್ತಿತು.

ನ್ಯಾಯವೇನೋ ದೊರೆಯಿತು, ಆದರೆ ಕೋಳಿಗಳು ಸತ್ತ ಮೇಲೆ ದೊರೆಯಿತು. ನ್ಯಾಯಾಲಯದ ಬಾಗಿಲು ಎಂದಿಗೂ ಕೊನೆಯ ಬಾಗಿಲು. ಅಲ್ಲಿಗೆ ಹೋಗುವ ಮೊದಲೇ, ವಿಷಯವು ಇನ್ನೂ ಮಾತಿನ ಹಂತದಲ್ಲಿರುವಾಗಲೇ, ನೆರೆಹೊರೆಯವರು ಹೋಗಿ ಕುಳಿತು ಕೇಳಬಹುದಾದ, ಎದ್ದು ನಿಂತು ಹೇಳಬಹುದಾದ ಬಾಗಿಲೊಂದು ಇರಬೇಡವೇ? ಆ ಬಾಗಿಲನ್ನು ಕಾನೂನಿನಿಂದಲೇ ತೆರೆದಿಟ್ಟ ರಾಜ್ಯವೊಂದುಂಟು. ಅದು ಅದೇ ದೇಶದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾ.

ಅಮೆರಿಕಾದಲ್ಲಿ ಸಾರ್ವಜನಿಕ ವಿಮಾನ ನಿಲ್ದಾಣಗಳು ಬಹುಮಟ್ಟಿಗೆ ನಗರಸಭೆಗಳ ಅಥವಾ ಕೌಂಟಿಗಳ ಸ್ವತ್ತು. ಕೌಂಟಿಯೆಂದರೆ ಹೆಚ್ಚುಕಡಮೆ ಒಂದು ಜಿಲ್ಲೆಯೆಂದು ತಿಳಿಯಬಹುದು. ಸಣ್ಣ ವಿಮಾನಗಳು ಬಂದು ಹೋಗುವ ಊರ ನಿಲ್ದಾಣಗಳಿಗೆ ಅನೇಕ ಕಡೆ ಒಂದೊಂದು ಸಲಹಾ ಮಂಡಲಿಯುಂಟು. ಐವರೋ ಏಳು ಮಂದಿಯೋ ಊರಿನವರೇ ಅದರ ಸದಸ್ಯರು. ಅವರಲ್ಲಿ ವಿಮಾನ ನಡೆಸುವವರಿರಬಹುದು, ವ್ಯಾಪಾರಿಗಳಿರಬಹುದು, ನಿಲ್ದಾಣದ ಬೇಲಿಗೆ ತಾಗಿದ ಬೀದಿಯ ನಿವಾಸಿಗಳೂ ಇರಬಹುದು. ಈ ಮಂಡಲಿಗೆ ಹಣ ಕೊಡುವ ಅಧಿಕಾರವಿಲ್ಲ, ಆಜ್ಞೆ ಹೊರಡಿಸುವ ಅಧಿಕಾರವೂ ಇಲ್ಲ. ಆಕಾಶದಲ್ಲಿ ಹಾರುವ ವಿಮಾನವಂತೂ ಕೇಂದ್ರ ಸರ್ಕಾರದ ಕೈಯಲ್ಲಿದೆ. ಮಂಡಲಿಯ ಕೆಲಸ ಸಲಹೆ ಕೊಡುವುದಷ್ಟೇ.

ಆದರೆ ಸಲಹೆ ಯಾವ ವಿಷಯದಲ್ಲಿ ಎಂಬುದನ್ನು ನೋಡಬೇಕು. ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರುಗಳ ಬಾಡಿಗೆ ಎಷ್ಟು, ನಿಲ್ದಾಣದ ಜಮೀನನ್ನು ಯಾರಿಗೆ ಎಷ್ಟು ವರ್ಷ ಗುತ್ತಿಗೆ ಕೊಡಬೇಕು, ಇಂಧನ ಮಾರುವವರು ಯಾರು, ರನ್‌ವೇಯನ್ನು ಉದ್ದ ಮಾಡಬೇಕೇ ಬೇಡವೇ, ಕೇಂದ್ರ ಸರ್ಕಾರದ ಅನುದಾನವನ್ನು ಸ್ವೀಕರಿಸಬಹುದೇ, ಇವೇ ಆ ವಿಷಯಗಳು. ಕೊನೆಯದು ನೋಡುವುದಕ್ಕೆ ಅತ್ಯಂತ ನಿರಪಾಯವಾದದ್ದು. ಬರುವ ಹಣವನ್ನು ಬೇಡವೆನ್ನುವವರಾರು? ಆದರೆ ಆ ಅನುದಾನದೊಡನೆ ಷರತ್ತುಗಳೂ ಬರುತ್ತವೆ. ಕಾಮಗಾರಿಗೆಂದು ಹಣ ಪಡೆದ ಊರು ಸಾಮಾನ್ಯವಾಗಿ 20 ವರ್ಷಗಳ ವರೆಗೂ ನಿಲ್ದಾಣವನ್ನು ವಿಮಾನ ಸಂಚಾರಕ್ಕಾಗಿಯೇ ನಡೆಸಿಕೊಂಡು ಬರಲು ಬದ್ಧವಾಗುತ್ತದೆ. ಒಂದು ಸಂಜೆಯ ಒಂದು ‘ಆಗಬಹುದು’ ಎಂಬ ಮಾತು, ಅಂದು ತೊಟ್ಟಿಲಲ್ಲಿದ್ದ ಮಗು ಕಾಲೇಜು ಸೇರುವ ತನಕ ಊರನ್ನು ಕಟ್ಟಿಹಾಕುತ್ತದೆ.

ಅಧಿಕಾರವೇ ಇಲ್ಲದ ಮಂಡಲಿಯ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು ಎಂದು ವಾಚಕರು ಕೇಳಬಹುದು. ತೀರ್ಮಾನ ಮಾಡುವುದು ನಗರಸಭೆಯಾದ್ದರಿಂದ ಅದರ ಸಭೆ ಬಹಿರಂಗವಾಗಿದ್ದರೆ ಸಾಲದೇ? ಈ ಪ್ರಶ್ನೆಗೆ ಉತ್ತರ ಪ್ರತಿಯೊಂದು ಮನೆಯಲ್ಲಿಯೂ ಉಂಟು. ಹೆಣ್ಣಿನ ಮದುವೆಯ ಮಾತು ಮೊದಲು ಒಳಮನೆಯಲ್ಲಿ ನಡೆಯುತ್ತದೆ. ಅಜ್ಜಿ, ಸೋದರಮಾವ, ದೊಡ್ಡಪ್ಪ ಕೂಡಿ ಜಾತಕ, ಸಂಬಂಧ, ಖರ್ಚು ಎಲ್ಲವನ್ನೂ ತೂಗಿ ನೋಡುತ್ತಾರೆ. ಆ ಬಳಿಕ ನಡುಮನೆಯಲ್ಲಿ ಜಮಖಾನ ಹಾಸಿ, ಎಲ್ಲರನ್ನೂ ಕೂರಿಸಿ, ‘ಏನಮ್ಮ, ನಿನ್ನ ಅಭಿಪ್ರಾಯವೇನು?’ ಎಂದು ಹುಡುಗಿಯನ್ನು ಕೇಳುತ್ತಾರೆ. ಕೇಳಿದ್ದು ನಿಜ, ಆದರೆ ಆ ವೇಳೆಗೆ ಹೇಳುವುದಕ್ಕೆ ಉಳಿದಿರುವುದೇನು? ಸಲಹಾ ಮಂಡಲಿಯೆಂಬುದು ಊರಿನ ಒಳಮನೆ. ನಗರಸಭೆಯ ಮುಂದೆ ಕಾಗದವು ಬರುವ ಹೊತ್ತಿಗೆ ಬೇರೆ ದಾರಿಗಳೆಲ್ಲ ಮುಚ್ಚಿ, ಒಂದು ದಾರಿ ಮಾತ್ರ ಗುಡಿಸಿ ಸಾರಿಸಿ ಸಿದ್ಧವಾಗಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ಸತ್ಯವನ್ನು ಎತ್ತಿ ತೋರಿಸಿದ್ದು ಒಂದು ದಿನಪತ್ರಿಕೆ. 1952ರಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್’ ಪತ್ರಿಕೆಯ ಬಾತ್ಮೀದಾರ ಮೈಕೇಲ್ ಹ್ಯಾರಿಸ್ ಎಂಬವರು ಸ್ಥಳೀಯ ಸಂಸ್ಥೆಗಳು ಜನರ ಕಣ್ಣು ತಪ್ಪಿಸಿ ಸೇರುತ್ತಿದ್ದ ಗುಪ್ತ ಸಭೆಗಳ ವಿಚಾರವಾಗಿ ಹತ್ತು ಲೇಖನಗಳ ಮಾಲೆಯನ್ನು ಬರೆದರು. ಜನರಲ್ಲಿ ಅಸಮಾಧಾನ ಹುಟ್ಟಿತು. ಮೊಡೆಸ್ಟೋ ನಗರದ ಶಾಸಕ ರಾಲ್ಫ್ ಬ್ರೌನ್ ಅವರು ಮಸೂದೆಯನ್ನು ತಂದರು. 1953ರಲ್ಲಿ ಅದು ಕಾನೂನಾಯಿತು. ಬ್ರೌನ್ ಕಾಯಿದೆಯೆಂದೇ ಅದು ಇಂದಿಗೂ ಪ್ರಸಿದ್ಧ. ಜನರು ತಮ್ಮ ಸೇವೆಗೆಂದು ಸಂಸ್ಥೆಗಳನ್ನು ಸ್ಥಾಪಿಸಿಕೊಂಡ ಮಾತ್ರಕ್ಕೆ ತಮ್ಮ ಒಡೆತನವನ್ನೇ ಅವುಗಳಿಗೆ ಒಪ್ಪಿಸಿಬಿಟ್ಟಿಲ್ಲ ಎಂಬುದು ಅದರ ಮೂಲತತ್ತ್ವ. ನಗರಸಭೆಯೋ ಕೌಂಟಿಯೋ ವಿಧಿವತ್ತಾಗಿ ನೇಮಿಸಿದ ಮಂಡಲಿಯು ತೀರ್ಮಾನ ಮಾಡುವಂಥದಾಗಲಿ, ಕೇವಲ ಸಲಹೆ ಕೊಡುವಂಥದಾಗಲಿ, ಈ ಕಾಯಿದೆಗೆ ಒಳಪಡುತ್ತದೆ. ಹೀಗಾಗಿ ವಿಮಾನ ನಿಲ್ದಾಣದ ಸಲಹಾ ಮಂಡಲಿಗೂ ಬಾಗಿಲು ಹಾಕಿಕೊಳ್ಳುವ ಸ್ವಾತಂತ್ರ್ಯವಿಲ್ಲ.

ಕಾಯಿದೆಯ ನಿಯಮಗಳು ಕೇಳಲು ಸರಳವಾಗಿವೆ. ನಿಯತವಾದ ಸಭೆಗೆ 72 ಗಂಟೆಗಳಿಗೆ ಕಡಮೆಯಿಲ್ಲದಷ್ಟು ಮೊದಲು ಕಾರ್ಯಸೂಚಿಯನ್ನು ಎಲ್ಲರೂ ನೋಡಬಹುದಾದ ಸ್ಥಳದಲ್ಲಿ ಅಂಟಿಸಬೇಕು. ತುರ್ತಾಗಿ ಕರೆದ ವಿಶೇಷ ಸಭೆಗಾದರೆ 24 ಗಂಟೆಗಳ ಮುನ್ಸೂಚನೆ ಬೇಕು. ಒಂದೊಂದು ವಿಷಯವನ್ನೂ ಸಾಮಾನ್ಯನಿಗೆ ತಿಳಿಯುವಂತೆ ಚಿಕ್ಕದಾಗಿ ವಿವರಿಸಬೇಕು. ಅದಕ್ಕೆ ಸಾಮಾನ್ಯವಾಗಿ 20 ಪದಗಳೇ ಸಾಕೆಂದು ಕಾಯಿದೆಯೇ ಹೇಳುತ್ತದೆ. ಕೆಲವು ಅಪವಾದಗಳನ್ನು ಬಿಟ್ಟರೆ, ಸೂಚಿಯಲ್ಲಿಲ್ಲದ ವಿಷಯವನ್ನು ಅಂದು ತೀರ್ಮಾನಿಸುವಂತಿಲ್ಲ. ‘ಇತರ ವಿಷಯಗಳು’ ಎಂಬ ಹಳೆಯ ಗೋಣಿಚೀಲದೊಳಗೆ ದೊಡ್ಡ ಗುತ್ತಿಗೆಯೊಂದನ್ನು ತುರುಕಿ ರಾತ್ರಿ ಹತ್ತು ಗಂಟೆಗೆ ಹೊರತೆಗೆಯುವ ಚಾತುರ್ಯಕ್ಕೆ ಅಲ್ಲಿ ಎಡೆಯಿಲ್ಲ.

ಬಂದವರ ಹಕ್ಕುಗಳೂ ಸ್ಪಷ್ಟವಾಗಿವೆ. ಸಭೆಗೆ ಬಂದು ಕೂರುವುದಕ್ಕೆ ಯಾರೂ ಹೆಸರು ಬರೆಯಿಸಬೇಕಾಗಿಲ್ಲ. ವಿಷಯವು ಇತ್ಯರ್ಥವಾಗುವ ಮೊದಲೇ ಸಾರ್ವಜನಿಕರಿಗೆ ಮಾತನಾಡಲು ಅವಕಾಶವಿರಬೇಕು. ಸಭೆಗೆ ಅಡ್ಡಿಯಾಗದಂತೆ ನಡವಳಿಕೆಯನ್ನು ಧ್ವನಿಮುದ್ರಿಸಿಕೊಳ್ಳಬಹುದು. ಅಧ್ಯಕ್ಷರು ಮಾತಿಗೆ ಕಾಲಮಿತಿ ಹಾಕಬಹುದು. ಆದರೆ ಸಂಸ್ಥೆಯ ನೀತಿಯನ್ನು ಟೀಕಿಸುವರೆಂಬ ಕಾರಣಕ್ಕೆ ಬಾಯಿ ಮುಚ್ಚಿಸುವಂತಿಲ್ಲ. ಸದಸ್ಯರು ಗುಪ್ತವಾಗಿ ಮತ ಹಾಕುವಂತೆಯೂ ಇಲ್ಲ. ಯಾರು ಯಾವ ಪಕ್ಷಕ್ಕೆ ಕೈಯೆತ್ತಿದರೆಂಬುದು ಊರಿಗೆ ತಿಳಿದಿರಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಭೆಯ ಹೊರಗಿನ ಮಾತಿನ ನಿಯಮ. ಐವರ ಮಂಡಲಿಯಲ್ಲಿ ಮೂವರು ಬಹುಮತ. ಮೂವರೂ ಒಂದೆಡೆ ಸೇರಿ ಮಂಡಲಿಯ ವಿಷಯವನ್ನು ಚರ್ಚಿಸಿದರೆ ಅದೇ ಸಭೆಯಾಯಿತು. ನೋಟೀಸಿಲ್ಲದ ಕಾರಣ ಅದು ಕಾನೂನುಬಾಹಿರವೂ ಆಯಿತು. ಒಂದೆಡೆ ಸೇರದೆ, ಮೊದಲನೆಯವರು ಎರಡನೆಯವರಿಗೆ ಟೆಲಿಫೋನು ಮಾಡಿ, ಎರಡನೆಯವರು ಮೂರನೆಯವರಿಗೆ ಅದೇ ಮಾತನ್ನು ದಾಟಿಸಿದರೂ ದೋಷ ತಪ್ಪದು. ಕಾಗದ, ಈಮೇಲು, ಮಧ್ಯವರ್ತಿಯ ಬಾಯಿ, ಯಾವುದರಿಂದ ಸರಪಣಿ ಹೆಣೆದರೂ ಅಷ್ಟೇ. ಹಾಗೆಂದು ಸದಸ್ಯರು ಪರಸ್ಪರ ಮುಖ ನೋಡಬಾರದೆಂದಲ್ಲ. ಒಬ್ಬರ ಮನೆಯ ಮದುವೆಗೆ ಎಲ್ಲರೂ ಹೋಗಬಹುದು, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲೂಬಹುದು. ಆದರೆ ಊಟದ ನಡುವೆ ಹ್ಯಾಂಗರಿನ ಬಾಡಿಗೆಯ ಮಾತೆತ್ತಬಾರದು.

ಎಲ್ಲವೂ ಬೀದಿಯಲ್ಲಿಯೇ ನಡೆಯಬೇಕೆಂಬ ಹಟ ಕಾಯಿದೆಗಿಲ್ಲ. ನ್ಯಾಯಾಲಯದಲ್ಲಿರುವ ವ್ಯಾಜ್ಯ, ಸಿಬ್ಬಂದಿಯೊಬ್ಬರ ನೇಮಕ ಅಥವಾ ವಜಾ, ಕಟ್ಟಡಗಳ ಭದ್ರತೆ ಮುಂತಾದ ಕೆಲವು ವಿಷಯಗಳಲ್ಲಿ ಸ್ಥಳೀಯ ಸಂಸ್ಥೆಗಳು ಮುಚ್ಚಿದ ಸಭೆ ಸೇರಬಹುದು. ಜಮೀನಿನ ಬೆಲೆಯನ್ನು ಕುರಿತು ತಮ್ಮ ಪ್ರತಿನಿಧಿಗೆ ಸೂಚನೆ ಕೊಡುವುದಕ್ಕೂ ಹಾಗೆ ಸೇರಬಹುದು. ಕೊಳ್ಳುವವನ ಎದುರಿಗೇ ತನ್ನ ಕನಿಷ್ಠ ಬೆಲೆಯನ್ನು ಸಾರುವ ವ್ಯಾಪಾರಿ ಎಲ್ಲಿಯೂ ಇಲ್ಲವಷ್ಟೆ. ಆದರೆ ಯಾವ ಜಮೀನು, ಯಾರೊಡನೆ ಮಾತುಕತೆ ಎಂಬುದನ್ನು ಮೊದಲು ಬಹಿರಂಗವಾಗಿ ಹೇಳಿ ಆಮೇಲೆ ಒಳಕ್ಕೆ ಹೋಗಬೇಕು.

ಈ ಕಾಯಿದೆಯೂ ಹುಟ್ಟುವಾಗಲೇ ಬಲಿಷ್ಠವಾಗಿರಲಿಲ್ಲ. ಉಲ್ಲಂಘಿಸಿದವರಿಗೆ ಶಿಕ್ಷೆಯೆಂಬುದು 1961ರಲ್ಲಿ ಸೇರಿತು. ಕಾರ್ಯಸೂಚಿಯನ್ನು ಪ್ರಕಟಿಸುವ ಕಟ್ಟುನಿಟ್ಟು 1986ರಲ್ಲಿ ಬಂದಿತು. ಇಂದು ಅಲ್ಲಿ ಜನರಿಂದ ಮಾಹಿತಿಯನ್ನು ಮರೆಮಾಡುವ ಉದ್ದೇಶದಿಂದಲೇ ಕಾಯಿದೆ ಮೀರಿದ ಸಭೆಯಲ್ಲಿ ಭಾಗವಹಿಸಿ, ಅಲ್ಲಿ ತೀರ್ಮಾನವೂ ಆಗಿದ್ದರೆ, ಆ ಸದಸ್ಯರ ಮೇಲೆ ಅಪರಾಧದ ಮೊಕದ್ದಮೆ ಹೂಡಬಹುದು. ಕಾಯಿದೆಯ ಮುಖ್ಯ ನಿಯಮಗಳನ್ನು ಮೀರಿ ಮಾಡಿದ ತೀರ್ಮಾನವನ್ನು ರದ್ದು ಮಾಡಿರೆಂದು ಸಂಬಂಧಪಟ್ಟ ನಾಗರಿಕರು ನ್ಯಾಯಾಲಯವನ್ನು ಕೇಳಬಹುದು.

ಇಷ್ಟೆಲ್ಲ ಕಟ್ಟಳೆ ಹ್ಯಾಂಗರಿನ ಬಾಡಿಗೆಗಾಗಿಯೇ ಎಂದು ನಗುವವರು ರೀಡ್-ಹಿಲ್‌ವ್ಯೂ ನಿಲ್ದಾಣದ ಕಥೆಯನ್ನು ಕೇಳಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ, ಮನೆಗಳ ನಡುವೆಯೇ, ಸ್ಯಾಂಟಾ ಕ್ಲಾರಾ ಕೌಂಟಿಗೆ ಸೇರಿದ ಈ ಚಿಕ್ಕ ನಿಲ್ದಾಣವಿದೆ. ಸಣ್ಣ ಪಿಸ್ಟನ್ ಎಂಜಿನ್ ವಿಮಾನಗಳು ಬಹುಕಾಲದಿಂದ ಸೀಸ ಬೆರೆಸಿದ ಪೆಟ್ರೋಲನ್ನು ಉರಿಸುತ್ತ ಬಂದಿವೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಶತ್ರು. ಕೌಂಟಿಯು ಮಾಡಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ನಿಲ್ದಾಣಕ್ಕೆ ಹತ್ತಿರವಿದ್ದಷ್ಟೂ ಮಕ್ಕಳ ರಕ್ತದಲ್ಲಿ ಸೀಸದ ಅಂಶ ಹೆಚ್ಚಾಗಿರುವುದನ್ನು ಅದು ತೋರಿಸಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿಯೇ ಕೌಂಟಿಯ ಆಡಳಿತ ಮಂಡಲಿಯು ವಿಷಯವನ್ನು ಎತ್ತಿಕೊಂಡಿತು. 2022ರ ಜನವರಿ 1ರಿಂದ ತನ್ನ ನಿಲ್ದಾಣಗಳಲ್ಲಿ ಸೀಸಯುಕ್ತ ಇಂಧನದ ಮಾರಾಟವನ್ನು ನಿಲ್ಲಿಸಿತು. ವಿಮಾನ ನಡೆಸುವವರಿಗೆ ಇದು ಹಿಡಿಸಲಿಲ್ಲ. ಬೇರೆ ಇಂಧನವು ಎಲ್ಲ ಎಂಜಿನ್‌ಗಳಿಗೂ ಒಪ್ಪುವುದಿಲ್ಲ, ತಪ್ಪಿ ತುಂಬಿಸಿದರೆ ಪ್ರಾಣಾಪಾಯ ಎಂಬ ಅವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಇಂತಹ ಎರಡು ಮಾತುಗಳೂ ಒಂದೇ ಕೊಠಡಿಯಲ್ಲಿ, ಒಂದೇ ಸಂಜೆ, ಎಲ್ಲರ ಕಿವಿಗೂ ಬೀಳಬೇಕೆಂಬುದೇ ಬಹಿರಂಗ ಸಭೆಯ ಉದ್ದೇಶ. ಕಾರ್ಯಸೂಚಿಯಲ್ಲಿ ‘ಇಂಧನ ಮಾರಾಟದ ವ್ಯವಸ್ಥೆ’ ಎಂಬ ಸಾಲು ಎಷ್ಟು ನೀರಸವಾಗಿ ಕಂಡರೂ, ಅದರ ಹಿಂದೆ ಒಂದು ಬೀದಿಯ ಮಕ್ಕಳ ಆರೋಗ್ಯವೇ ಅಡಗಿರಬಹುದು.

ತೆರೆದ ಬಾಗಿಲು ಗೆಲುವನ್ನು ಖಂಡಿತಮಾಡುವುದಿಲ್ಲ. ಗುತ್ತಿಗೆಯ ಆಸೆಯುಳ್ಳವರು ಅಂಕಿ ಅಂಶಗಳೊಡನೆ ಸಿದ್ಧರಾಗಿ ಬರುತ್ತಾರೆ. ನೆರೆಹೊರೆಯವರಾದರೋ ಕಚೇರಿಯ ಕೆಲಸ, ಅಡಿಗೆ, ಮಕ್ಕಳ ಪಾಠ ಎಲ್ಲ ಮುಗಿಸಿ ಬರಬೇಕು. ಕಾಯಿದೆಯು ಕುರ್ಚಿಯನ್ನು ಹಾಕಿಸಬಲ್ಲುದು; ಅದರಲ್ಲಿ ಬಂದು ಕೂರುವವರನ್ನು ಅದು ತಂದುಕೊಡಲಾರದು.

ಭಾರತದಲ್ಲಿಯೂ ಈ ವಿಷಯಕ್ಕೆ ಎಡೆಯುಂಟು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಿಗೆ ಸಲಹಾ ಸಮಿತಿಗಳಿವೆ. ಸಾಮಾನ್ಯವಾಗಿ ಆ ಕ್ಷೇತ್ರದ ಲೋಕಸಭಾ ಸದಸ್ಯರು ಅದರ ಅಧ್ಯಕ್ಷರು. ಹುಬ್ಬಳ್ಳಿ, ಬೆಳಗಾವಿಗಳ ನಿಲ್ದಾಣಗಳು ಈ ಪ್ರಾಧಿಕಾರಕ್ಕೆ ಸೇರಿದವು. ಇಂತಹ ಸಮಿತಿಗಳನ್ನು ಕುರಿತು 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮು ಒಂದು ಮಾತನ್ನು ಹೇಳುತ್ತದೆ. ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಮಂಡಲಿಗಳ, ಸಲಹಾ ಸಮಿತಿಗಳ ವಿವರವನ್ನು ತಾವಾಗಿಯೇ ಪ್ರಕಟಿಸಬೇಕು. ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ಅವುಗಳ ನಡಾವಳಿಯು ಜನರಿಗೆ ದೊರೆಯುತ್ತದೆಯೇ ಎಂಬುದನ್ನೂ ಅದರಲ್ಲಿ ತಿಳಿಸಬೇಕು. ಮಾತಿನ ರಚನೆಯನ್ನು ಗಮನಿಸಿದರೆ ವ್ಯತ್ಯಾಸವು ಹೊಳೆಯುತ್ತದೆ. ಬಾಗಿಲು ತೆರೆದಿದೆಯೇ ಇಲ್ಲವೇ ಹೇಳಿರಿ ಎನ್ನುತ್ತದೆ ಈ ಕಲಮು, ತೆರೆಯಿರಿ ಎನ್ನುವುದಿಲ್ಲ. ‘ತೆರೆದಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದುಬಿಟ್ಟರೆ ಆ ಕಲಮಿನ ಮಟ್ಟಿಗೆ ಕರ್ತವ್ಯವು ಮುಗಿಯಿತು.

ಹಾಗಿದ್ದರೂ ನಾಗರಿಕರ ಕೈ ಬರಿದಾಗಿಲ್ಲ. ಸಭೆಯೊಳಗೆ ಕೂರಲಾಗದವರು ಸಭೆಯ ನಡಾವಳಿಯನ್ನು ಕೇಳಬಹುದು. ಕೇಂದ್ರ ಸರ್ಕಾರದ ಅಧೀನದ ಸಂಸ್ಥೆಗಾದರೆ ಅರ್ಜಿಯ ಶುಲ್ಕ 10 ರೂಪಾಯಿ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವು. ಸಮಿತಿಯು ಕಳೆದ ವರ್ಷ ಎಷ್ಟು ಸಲ ಸೇರಿತು, ಯಾರು ಬಂದಿದ್ದರು, ಏನು ಸಲಹೆ ಕೊಟ್ಟರು, ಅದರಲ್ಲಿ ಯಾವುದು ನಡೆಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಬರೆಯಬಹುದು. ನಿಲ್ದಾಣದ ನೆರೆಯಲ್ಲಿ ಮನೆ ಮಾಡಿಕೊಂಡವರೂ, ಅಲ್ಲಿಂದ ಮಗಳನ್ನು ದೂರದ ಊರಿಗೆ ಬೀಳ್ಕೊಡುವವರೂ ಆ ಹಾಳೆಯನ್ನು ಒಮ್ಮೆ ಬರೆದು ಕಳುಹಿಸಿದರೆ, ಒಳಗೆ ಕುಳಿತವರಿಗೆ ಹೊರಗೆ ಜನರಿದ್ದಾರೆಂಬುದಾದರೂ ನೆನಪಾಗುತ್ತದೆ.