‘ಉದ್ಭವಿಸುವುದಿಲ್ಲ’: ಶಾಸನಸಭೆಯ ಪ್ರಶ್ನೋತ್ತರದ ಕನ್ನಡ

ಕನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ವಡ್ಡಾರಾಧನೆಯಿಂದ ಹೊರಟು, ವಚನಗಳನ್ನು ದಾಟಿ, ಮುದ್ರಾಮಂಜೂಷದ ಬಳಿ ಕೊಂಚ ನಿಂತು, ಕಾದಂಬರಿ ಹಾಗೂ ಪ್ರಬಂಧಗಳ ಬಯಲಿಗೆ ಬರುವುದು ವಾಡಿಕೆ. ಈ ಹಾದಿಯಲ್ಲಿ ಎಲ್ಲಿಯೂ ಹೆಸರು ಪಡೆಯದ ಗದ್ಯಪ್ರಕಾರವೊಂದಿದೆ. ವಿಧಾನಮಂಡಲದ ಅಧಿವೇಶನ ಕಾಲದಲ್ಲಿ ಅದು ದಿನದಿನವೂ ಕನ್ನಡದಲ್ಲಿ ರಚನೆಯಾಗುತ್ತದೆ, ಅಚ್ಚಾಗುತ್ತದೆ, ಸದನದ ಮುಂದೆ ಮಂಡನೆಯಾಗುತ್ತದೆ. ಊರೊಂದರ ಕುಡಿಯುವ ನೀರು, ಶಾಲೆಯೊಂದರ ಕೊಠಡಿ, ಆಸ್ಪತ್ರೆಯೊಂದರ ವೈದ್ಯರ ಹುದ್ದೆ ಎಷ್ಟೋ ಸಲ ಅದರ ಒಂದು ಕ್ರಿಯಾಪದದ ಮೇಲೆ ನಿಂತಿರುತ್ತದೆ. ಶಾಸಕರ ಪ್ರಶ್ನೆ ಮತ್ತು ಸಚಿವರ ಉತ್ತರ ಎಂಬ ಈ ಪ್ರಕಾರವನ್ನು ರಾಜ್ಯಶಾಸ್ತ್ರದ ಪಾಲಿಗೆ ಬಿಟ್ಟು ಕನ್ನಡ ವಿಭಾಗಗಳು ನಿಶ್ಚಿಂತವಾಗಿವೆ. ರಾಜ್ಯಶಾಸ್ತ್ರಜ್ಞರಾದರೋ ಎಷ್ಟು ಪ್ರಶ್ನೆಗಳನ್ನು ಕೇಳಲಾಯಿತು ಎಂದು ಎಣಿಸುತ್ತಾರೆ. ಯಾವ ಕನ್ನಡದಲ್ಲಿ ಕೇಳಲಾಯಿತು, ಯಾವ ಕನ್ನಡದಲ್ಲಿ ಜಾರಿಕೊಳ್ಳಲಾಯಿತು ಎಂಬುದು ಅವರ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಉತ್ತರದ ಹಾಳೆಯ ವಿನ್ಯಾಸ ಹೆಚ್ಚು ಬದಲಾಗುವಂಥದಲ್ಲ. ಮೇಲೆ ಚುಕ್ಕೆ ಗುರುತಿನ ಅಥವಾ ಚುಕ್ಕೆ ಗುರುತಿಲ್ಲದ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ಸಚಿವರು, ದಿನಾಂಕ. ಕೆಳಗೆ ಒಂದು ಅಂಕಣದಲ್ಲಿ ಅ, ಆ, ಇ ಎಂದು ವಿಂಗಡಿಸಿದ ಪ್ರಶ್ನೆ, ಅದರೆದುರು ಉತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರವೂ ಅದರ ಬೆನ್ನಿಗೆ ಉಪಪ್ರಶ್ನೆಗೆ ಅವಕಾಶವೂ ಉಂಟು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರವಷ್ಟೆ. ಇಂಥ ತಾಲೂಕಿನಲ್ಲಿ ಇಂಥ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂಬುದು ಮೊದಲ ಭಾಗ. ‘ಬಂದಿದೆ’ ಎಂಬುದು ಅದರ ಉತ್ತರ. ಹಾಗಿದ್ದಲ್ಲಿ ಕೈಗೊಂಡ ಕ್ರಮವೇನು ಎಂದರೆ, ‘ಅನುದಾನದ ಲಭ್ಯತೆಯನ್ನು ಆಧರಿಸಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು’. ಇಲ್ಲದಿದ್ದಲ್ಲಿ ಕಾರಣವೇನು ಎಂಬ ಮೂರನೆಯ ಭಾಗಕ್ಕೆ ‘ಉದ್ಭವಿಸುವುದಿಲ್ಲ’. ಕನ್ನಡದಲ್ಲಿ ಉದ್ಭವ ಎಂಬ ಮಾತಿಗೆ ದೊಡ್ಡ ಪರಂಪರೆಯಿದೆ; ಲಿಂಗ ಉದ್ಭವಿಸುತ್ತದೆ, ಮೂರ್ತಿ ಉದ್ಭವಿಸುತ್ತದೆ, ಯಾರೂ ಕೆತ್ತದೆ ತಾನಾಗಿ ಮೇಲೆದ್ದು ಬರುತ್ತದೆ. ಹೆಸರುಳ್ಳ ಸದಸ್ಯರೊಬ್ಬರು ದಿನಾಂಕ ಸಹಿತ ಬರೆದು ಕೊಟ್ಟ ಪ್ರಶ್ನೆಯನ್ನು ಕುರಿತು, ಅದು ಹುಟ್ಟಿಯೇ ಇಲ್ಲವೆಂದು ಹೇಳಲು ಈ ಪದ ಒದಗಿಬಂದಿರುವುದು ವಿಚಿತ್ರ.

ಆದರೆ ಇಡೀ ಪ್ರಕಾರದ ಮರ್ಮ ಇರುವುದು ‘ಕೈಗೊಳ್ಳಲಾಗುವುದು’ ಎಂಬ ರೂಪದಲ್ಲಿ. ಶಾಲಾ ವ್ಯಾಕರಣಗಳು ಕರ್ಮಣಿ ಪ್ರಯೋಗಕ್ಕೆ ‘-ಅಲ್ಪಡು’ ರೂಪವನ್ನು ಉದಾಹರಿಸುತ್ತವೆ. ಅಲ್ಲಿ ಕರ್ಮಪದ ಪ್ರಥಮಾ ವಿಭಕ್ತಿಗೆ ಬರುತ್ತದೆ, ಕರ್ತೃಪದ ‘ಇಂದ’ ಹಚ್ಚಿಕೊಂಡು ತೃತೀಯೆಗೆ ಸರಿಯುತ್ತದೆ: ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಕೊಂದವನು ಹಿಂದೆ ಸರಿದರೂ ವಾಕ್ಯದೊಳಗೇ ಇರುತ್ತಾನೆ. ಸರ್ಕಾರಿ ಗದ್ಯದ ‘-ಲಾಗು’ ರೂಪ ಇದಕ್ಕಿಂತ ಭಿನ್ನ. ‘ವರದಿಯನ್ನು ಪಡೆಯಲಾಗಿದೆ’, ‘ಪ್ರಸ್ತಾವನೆಯನ್ನು ಪರಿಶೀಲಿಸಲಾಗುವುದು’ ಎಂಬಲ್ಲಿ ಕರ್ಮಪದ ದ್ವಿತೀಯಾ ವಿಭಕ್ತಿಯಲ್ಲೇ ಉಳಿದಿದೆ, ಕರ್ತೃಪದ ಕಾಣೆಯಾಗಿದೆ, ಕ್ರಿಯಾಪದ ಯಾರೊಡನೆಯೂ ಹೊಂದದೆ ನಪುಂಸಕ ಏಕವಚನದಲ್ಲಿ ಒಂಟಿಯಾಗಿ ನಿಂತಿದೆ. ಪ್ರಥಮಾ ವಿಭಕ್ತಿಯ ಜಾಗವೇ ಖಾಲಿ. ಆಡಳಿತ ಕನ್ನಡದ ಎಲ್ಲ ದೋಷಗಳಿಗೂ ಇಂಗ್ಲಿಷಿನ ಭಾಷಾಂತರವನ್ನು ಹೊಣೆ ಮಾಡುವ ರೂಢಿ ವಿದ್ವಾಂಸರಲ್ಲಿದೆ. ಇಲ್ಲಿ ಆ ವಿವರಣೆ ಸಾಲದು. ಇಂಗ್ಲಿಷಿನ ಕರ್ಮಣಿ ವಾಕ್ಯ ಕರ್ಮಪದವನ್ನಾದರೂ ಮುಂದೆ ತಂದು ಕೂರಿಸುತ್ತದೆ. ಯಾರನ್ನೂ ಮುಂದೆ ಕೂರಿಸದ ಈ ರಚನೆ ಕನ್ನಡದ ಸ್ವಂತ ಸಾಮರ್ಥ್ಯ. ಅದನ್ನು ಕಚೇರಿ ತನ್ನ ಅಗತ್ಯಕ್ಕೆ ತಕ್ಕಂತೆ ದುಡಿಸಿಕೊಂಡಿದೆ. ಮೇಲಿನ ಮೊದಲ ಪರಿಚ್ಛೇದದಲ್ಲೇ ಅದು ಮೂರು ಬಾರಿ ನುಸುಳಿರುವುದನ್ನು ಓದುಗರು ಗಮನಿಸಿರಬಹುದು. ಸಂಶೋಧನ ಪ್ರಬಂಧಗಳ ಕನ್ನಡವೂ ಈ ಸೋಂಕಿನಿಂದ ಹೊರತಾಗಿಲ್ಲ.

ಆಳುವವರ ಗದ್ಯ ಕನ್ನಡದಲ್ಲಿ ಎಂದಿನಿಂದಲೂ ಹೀಗಿತ್ತೆ? ಶಿಲಾಶಾಸನಗಳನ್ನು ಓದಿದವರಿಗೆ ಉತ್ತರ ಗೊತ್ತು. ದತ್ತಿಶಾಸನದಲ್ಲಿ ಯಾರ ಆಳ್ವಿಕೆ, ಯಾವ ದಿನ, ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಮತ್ತರು, ಮೂಡಲ ಎಲ್ಲೆ ಯಾವ ಕಲ್ಲು, ತೆಂಕಲ ಎಲ್ಲೆ ಯಾವ ಕೆರೆ ಎಂಬುದೆಲ್ಲ ಇರುತ್ತದೆ. ಕೊನೆಗೆ ಅಳಿದವನಿಗೆ ಶಾಪವೂ ಇರುತ್ತದೆ. ಅದು ಪ್ರಜಾಪ್ರಭುತ್ವದ ಗದ್ಯವಲ್ಲ, ಪ್ರಶ್ನಿಸುವವರಿಗೆ ಅಲ್ಲಿ ಜಾಗವಿರಲಿಲ್ಲ ಎಂಬುದು ನಿಜ. ಆದರೂ ಆ ಗದ್ಯ ಕರ್ತೃವನ್ನು ಮರೆಸುವುದಿಲ್ಲ, ಕಾಲವನ್ನು ತೇಲಿಸುವುದಿಲ್ಲ. ಶಾಸನಸಭೆ ಆ ಹೆಸರನ್ನು ಮಾತ್ರ ಉಳಿಸಿಕೊಂಡಿದೆ.

ಪ್ರಶ್ನೆ ಎಂಬುದು ಸುಲಭವಾಗಿ ದೊರೆತ ಹಕ್ಕಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ದಾಖಲಾದ ಮೊದಲ ಪ್ರಶ್ನೆ 1721ರದು. ಸೌತ್ ಸೀ ಕಂಪನಿಯ ಹಗರಣದ ನಂತರ ಓಡಿಹೋಗಿದ್ದ ಅದರ ಖಜಾಂಚಿ ಸೆರೆಸಿಕ್ಕಿರುವುದು ನಿಜವೇ ಎಂದು ಲಾರ್ಡ್ಸ್ ಸಭೆಯಲ್ಲಿ ಕೇಳಿದ್ದು. ಭಾರತದಲ್ಲಿ ಆ ಹಕ್ಕು ಬಂದದ್ದು 1892ರ ಕೌನ್ಸಿಲ್ ಕಾಯಿದೆಯಿಂದ. 1893ರ ಫೆಬ್ರವರಿಯಲ್ಲಿ ಭಿಂಗಾದ ರಾಜರು ಕೇಳಿದ ಮೊದಲ ಪ್ರಶ್ನೆಯ ವಿಷಯ, ಪ್ರವಾಸದ ಮೇಲೆ ಬರುವ ಅಧಿಕಾರಿಗಳಿಗೆ ದಿನಸಿ ಒದಗಿಸಬೇಕಾಗಿ ಹಳ್ಳಿಯ ಅಂಗಡಿಕಾರರು ಪಡುತ್ತಿದ್ದ ತೊಂದರೆ. ಪ್ರಶ್ನೆ ಕೇಳಬಹುದಾಗಿತ್ತು, ಉತ್ತರದ ಮೇಲೆ ಮತ್ತೆ ಕೇಳುವಂತಿರಲಿಲ್ಲ. ಮೂಲ ಪ್ರಶ್ನೆ ಕೇಳಿದವರಿಗಷ್ಟೇ ಉಪಪ್ರಶ್ನೆಯ ಅವಕಾಶ ದೊರೆತದ್ದು 1909ರಲ್ಲಿ, ಇತರ ಸದಸ್ಯರಿಗೆ 1919ರ ಸುಧಾರಣೆಗಳ ತರುವಾಯ. ಉಪಪ್ರಶ್ನೆಯನ್ನು ಅಷ್ಟು ಕಾಲ ತಡೆಹಿಡಿದದ್ದು ಆಕಸ್ಮಿಕವಲ್ಲ. ಬರೆದ ಉತ್ತರವನ್ನು ಓದುವುದು ಸುಲಭ; ಆ ಉತ್ತರದ ಖಾಲಿ ಜಾಗಕ್ಕೆ ಬೆರಳಿಟ್ಟು ‘ಯಾರು?’, ‘ಎಂದು?’ ಎಂದಾಗ ಮಾತ್ರ ಆಡಳಿತ ಬಾಯಿ ತೆರೆಯಬೇಕಾಗುತ್ತದೆ.

ಮೈಸೂರು ಸಂಸ್ಥಾನದ ಕಥೆ ಇನ್ನೂ ಅರ್ಥಪೂರ್ಣ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಸೇರಿಸಿದ ಪ್ರಜಾಪ್ರತಿನಿಧಿ ಸಭೆಗೆ 144 ಸದಸ್ಯರು ಬಂದಿದ್ದರು. ಶಾಸನ ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ದಿವಾನರು ರಾಜ್ಯದ ಆಯವ್ಯಯ ಮತ್ತು ಯೋಜನೆಗಳ ವಿವರ ನೀಡುತ್ತಿದ್ದರು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕುಂದುಕೊರತೆಗಳನ್ನು ನಿವೇದಿಸುತ್ತಿದ್ದರು. ಅಹವಾಲು, ಅರಿಕೆ, ಬಿನ್ನಹ ಎಂಬ ಹಳೆಯ ಪ್ರಕಾರಗಳು ಸಭೆಯ ರೂಪ ಪಡೆದ ಘಟ್ಟವಿದು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು, 1923ರ ಸುಧಾರಣೆಗಳಲ್ಲಿ ಎರಡು ಸಭೆಗಳ ಅಧಿಕಾರಗಳೂ ಹಿಗ್ಗಿದವು. ಬಿನ್ನಹದಿಂದ ಪ್ರಶ್ನೆಗೆ ನಡೆದ ಈ ಪಯಣ ಪ್ರಜೆ ಪೌರನಾದ ಪಯಣವೂ ಹೌದು. ಬಿನ್ನಹದಲ್ಲಿ ಕೊಡುವವನ ಕೃಪೆ ಮುಖ್ಯ, ಕೇಳುವವನು ಕೈ ಜೋಡಿಸಿರುತ್ತಾನೆ. ಪ್ರಶ್ನೆಯಲ್ಲಿ ಉತ್ತರಿಸುವವನಿಗೆ ಋಣವಿದೆ. ಸಂವಿಧಾನದ 164ನೆಯ ವಿಧಿ ಮಂತ್ರಿಮಂಡಲವನ್ನು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಮಾಡಿರುವುದು ಈ ಋಣದ ಲಿಖಿತ ರೂಪ.

ಇಂದಿನ ಪ್ರಶ್ನೋತ್ತರ ವೇಳೆಯನ್ನು ಗಮನಿಸಿದರೆ ಪಯಣ ಹಿಮ್ಮುಖವಾಗಿದೆಯೇನೋ ಎಂಬ ಅನುಮಾನ ಹುಟ್ಟುತ್ತದೆ. ಉತ್ತರವನ್ನು ಮಾತ್ರ ದೂರಿ ಫಲವಿಲ್ಲ. ‘ಗಮನಕ್ಕೆ ಬಂದಿದೆಯೇ’ ಎಂಬ ಆರಂಭವೇ ‘ಬಂದಿದೆ’ ಎಂಬ ಒಂದು ಮಾತಿನ ಪಾರುಗಾಣಿಕೆಯನ್ನು ಸಚಿವರ ಕೈಗಿಡುತ್ತದೆ. ‘ಹಾಗಿದ್ದಲ್ಲಿ’, ‘ಇಲ್ಲದಿದ್ದಲ್ಲಿ’ ಎಂಬ ಕವಲುಗಳು ‘ಉದ್ಭವಿಸುವುದಿಲ್ಲ’ ಎಂಬುದಕ್ಕೆ ತಾವೇ ಬಾಗಿಲು ತೆರೆಯುತ್ತವೆ. ಉಪಪ್ರಶ್ನೆಯ ಸರದಿ ಬಂದಾಗ ಪ್ರಶ್ನೆಯ ಬದಲು ವಿನಂತಿ ಹೊರಡುತ್ತದೆ: ಮಾನ್ಯ ಸಚಿವರು ದೊಡ್ಡ ಮನಸ್ಸು ಮಾಡಿ ಕ್ಷೇತ್ರಕ್ಕೊಂದು ಕಟ್ಟಡ ಮಂಜೂರು ಮಾಡಿಕೊಡಬೇಕು. ಸಚಿವರೂ ಸಂತೋಷದಿಂದ ನೋಡೋಣವೆನ್ನುತ್ತಾರೆ. ಸದನದ ನಡವಳಿಯಲ್ಲಿ ಅದು ಪ್ರಶ್ನೋತ್ತರವೆಂದೇ ದಾಖಲಾಗುತ್ತದೆ, ಪ್ರಕಾರದ ದೃಷ್ಟಿಯಿಂದ ಅದು 1881ರ ಅಹವಾಲು. 1952, 1962 ಮತ್ತು 1967ರಲ್ಲಿ ಆಯ್ಕೆಯಾದ ಶಾಂತವೇರಿ ಗೋಪಾಲಗೌಡರ ಸದನದ ಕನ್ನಡವನ್ನು ನಡವಳಿಗಳಲ್ಲಿ ಓದುವವರಿಗೆ ಈ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಅವರ ವಾಕ್ಯದಲ್ಲಿ ಬೇಡಿಕೆಯ ದೈನ್ಯ ಇಲ್ಲ. ಗೋಪಾಲಗೌಡರ ಮಾತನ್ನು ಸಮಾಜವಾದಿ ಚಿಂತನೆಯ ಭಾಗವಾಗಿ ಚರ್ಚಿಸಿದಷ್ಟು ಕನ್ನಡ ವಾಕ್ಯದ ಒಂದು ಮಾದರಿಯಾಗಿ ಚರ್ಚಿಸಿದ್ದು ಕಡಿಮೆ.

ಪ್ರಶ್ನೆಯ ಅಂಗೀಕಾರದ ನಿಯಮಗಳೂ ಸಾಹಿತ್ಯ ವಿದ್ಯಾರ್ಥಿಗಳಿಗೆ ಕುತೂಹಲಕರ. ಲೋಕಸಭೆಯ ನಿಯಮಾವಳಿಯಂತೆ ಪ್ರಶ್ನೆಯಲ್ಲಿ ವಾದ, ಊಹೆ, ವ್ಯಂಗ್ಯೋಕ್ತಿ, ಆರೋಪ, ವಿಶೇಷಣ ಇರಕೂಡದು. ಸಾಮಾನ್ಯವಾಗಿ 150 ಪದಗಳನ್ನು ಮೀರಕೂಡದು. ಧ್ವನಿ, ವಕ್ರೋಕ್ತಿಗಳೆರಡೂ ನಿಷಿದ್ಧವಾದ ಪ್ರಕಾರ! ಈ ನಿರ್ಬಂಧವೆಲ್ಲ ಪ್ರಶ್ನೆಗೆ. ಉತ್ತರ ಅಭಿಧೆಯಲ್ಲೇ ಇರಬೇಕು, ಕರ್ತೃಪದ ಹೊಂದಿರಬೇಕು ಎಂಬ ನಿಯಮ ಎಲ್ಲಿಯೂ ಇಲ್ಲ. ಸಭಾಪರ್ವದ ದ್ರೌಪದಿ, ತನ್ನನ್ನು ತಾನು ಸೋತವನಿಗೆ ನನ್ನನ್ನು ಪಣವಿಡುವ ಅಧಿಕಾರವಿತ್ತೇ ಎಂದು ಕೇಳಿದಾಗ ಸಭೆಯ ಹಿರಿಯನಿಂದ ಬಂದ ಉತ್ತರ ಧರ್ಮ ಸೂಕ್ಷ್ಮ ಎಂಬುದು. ಪ್ರಶ್ನೆ ಸ್ಪಷ್ಟ, ಉತ್ತರ ಸೂಕ್ಷ್ಮ ಎಂಬ ಈ ಅಸಮತೆ ಹಳೆಯದು.

ಕಾಣೆಯಾದ ಕರ್ತೃವನ್ನು ಹುಡುಕಿ ತರುವುದು ಸಾಧ್ಯವೇ ಇಲ್ಲವೆಂದಲ್ಲ. 1957ರಲ್ಲಿ ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಅವರ ಕಂಪನಿಗಳಲ್ಲಿ 1.24 ಕೋಟಿ ರೂಪಾಯಿ ತೊಡಗಿಸಿದ ವಿಚಾರ ಲೋಕಸಭೆಯಲ್ಲಿ ಪ್ರಶ್ನೆಯಾಗಿಯೇ ಮೊದಲು ಕಾಣಿಸಿಕೊಂಡಿತು. ಫಿರೋಜ್ ಗಾಂಧಿ ಆಳುವ ಪಕ್ಷದಲ್ಲಿದ್ದೂ ಅದರ ಬೆನ್ನು ಬಿಡಲಿಲ್ಲ. ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ಆಯೋಗದ ವಿಚಾರಣೆ ಕೊನೆಗೆ ನಿಂತದ್ದು ವ್ಯಾಕರಣದ ಪ್ರಶ್ನೆಯಂಥ ಪ್ರಶ್ನೆಯ ಮೇಲೆ: ಹಣವನ್ನು ತೊಡಗಿಸಲಾಯಿತು, ಸರಿ, ತೊಡಗಿಸಿದವರು ಯಾರು? ಕಾರ್ಯದರ್ಶಿಯೇ, ಸಚಿವರೇ? ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವರೇ ಸಾಂವಿಧಾನಿಕವಾಗಿ ಹೊಣೆ ಎಂದು ಚಾಗ್ಲಾ ನಿರ್ಣಯಿಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ಅದೇ ಲೋಕಸಭೆಯ ಪ್ರಶ್ನೆಗೆ ಮುಂದೊಂದು ದಿನ ಬೆಲೆಚೀಟಿ ಅಂಟಿತು. ಹಣ ಪಡೆದು ಪ್ರಶ್ನೆ ಕೇಳಿದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ ಎರಡೂ ಸದನಗಳ 11 ಸದಸ್ಯರು ಉಚ್ಚಾಟನೆಗೊಂಡರು. ಬೆಲೆಯಿಲ್ಲದ ವಸ್ತುವನ್ನು ಯಾರೂ ಕೊಳ್ಳುವುದಿಲ್ಲವಷ್ಟೆ.

ಕನ್ನಡ ಸಂಶೋಧಕರು ನಿಜವಾಗಿ ಕೈ ಹಾಕಬೇಕಾದ ಜಾಗವೊಂದಿದೆ. ಸಚಿವರು ಸದನದಲ್ಲಿ ನೀಡಿದ ಭರವಸೆಗಳು ಈಡೇರಿದವೇ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಭರವಸೆಗಳ ಸಮಿತಿ ಇದೆ. ಕರ್ನಾಟಕದ ವಿಧಾನಮಂಡಲದಲ್ಲಿಯೂ ಅಂಥ ಸಮಿತಿಯಿದೆ. ಯಾವ ವಾಕ್ಯವನ್ನು ಭರವಸೆಯೆಂದು ಪರಿಗಣಿಸಬೇಕು ಎಂಬುದಕ್ಕೆ ಲೋಕಸಭೆಯ ಸಮಿತಿ ಸಿದ್ಧ ನುಡಿಗಟ್ಟುಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ವಿಷಯ ಪರಿಶೀಲನೆಯಲ್ಲಿದೆ ಎಂದರೂ ಅದು ಭರವಸೆ, ಮಾಹಿತಿಯನ್ನು ಸಂಗ್ರಹಿಸಿ ಸದನದ ಮುಂದಿಡುತ್ತೇನೆ ಎಂದರೂ ಭರವಸೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಜೆ.ಎಲ್. ಆಸ್ಟಿನ್ ಅವರ ವಾಕ್‌ಕ್ರಿಯೆಯ ಸಿದ್ಧಾಂತವನ್ನು ಭಾಷಾವಿಜ್ಞಾನದ ತರಗತಿಗಳಲ್ಲಿ ‘ಮಾತು ಕೊಡುತ್ತೇನೆ’ ಎಂಬ ಒಂದೇ ಉದಾಹರಣೆಯಿಂದ ಪಾಠ ಹೇಳಿ ಮುಗಿಸುವವರಿಗೆ ಇದಕ್ಕಿಂತ ಜೀವಂತ ಸಾಮಗ್ರಿ ಇನ್ನೆಲ್ಲಿ ಸಿಕ್ಕೀತು? ಕನ್ನಡದಲ್ಲಿ ‘ಪರಿಶೀಲನೆಯಲ್ಲಿದೆ’, ‘ಪರಿಶೀಲಿಸಲಾಗುವುದು’, ‘ಪರಿಶೀಲಿಸುತ್ತೇವೆ’, ‘ಪರಿಶೀಲಿಸೋಣ’ ಎಂಬ ನಾಲ್ಕು ರೂಪಗಳ ನಡುವೆ ಹೊಣೆಯ ಅಂತರವೆಷ್ಟು? ‘ನೋಡೋಣ’ ಎಂಬುದರ ಒಳಗೊಳ್ಳುವ ಬಹುವಚನ ಕೇಳಿದವರನ್ನೂ ಹೊಣೆಗೆ ಸೇರಿಸಿಕೊಂಡುಬಿಡುತ್ತದೆ. ‘-ಉವುದು’ ಎಂಬ ಪ್ರತ್ಯಯ ಭವಿಷ್ಯತ್ತೋ ವಿಧಿಯೋ ಕೃದಂತವೋ ಎಂಬ ಹಳೆಯ ವೈಯಾಕರಣ ಚರ್ಚೆಗೆ ಇಲ್ಲಿ ತಾಲೂಕು ಆಸ್ಪತ್ರೆಯೊಂದರ ಹಣೆಬರಹ ಜೋಡಿಸಿಕೊಂಡಿದೆ.

ಆಡಳಿತ ಭಾಷೆ ವ್ಯಕ್ತಿನಿರಪೇಕ್ಷವಾಗಿರಬೇಕು, ಸಚಿವರು ಮಾತನಾಡುವುದು ಇಡೀ ಸರ್ಕಾರದ ಪರವಾಗಿ, ಆದ್ದರಿಂದ ‘-ಲಾಗು’ ರೂಪ ಅನಿವಾರ್ಯ ಎಂಬ ವಾದವನ್ನು ಅಲಕ್ಷಿಸುವಂತಿಲ್ಲ. ಆದರೆ ವ್ಯಕ್ತಿನಿರಪೇಕ್ಷವಾಗಿರುವುದು ಬೇರೆ, ಕರ್ತೃರಹಿತವಾಗಿರುವುದು ಬೇರೆ. ‘ಲೋಕೋಪಯೋಗಿ ಇಲಾಖೆಯು ಮಾರ್ಚ್ ಒಳಗೆ ಕಾಮಗಾರಿಯನ್ನು ಮುಗಿಸುವುದು’ ಎಂಬ ವಾಕ್ಯದಲ್ಲಿ ವ್ಯಕ್ತಿಯಿಲ್ಲ, ಕರ್ತೃವಿದೆ, ಕಾಲವೂ ಇದೆ. 1963ರ ರಾಜ್ಯಭಾಷಾ ಕಾಯಿದೆಯ ನಂತರ ಕನ್ನಡವನ್ನು ಆಡಳಿತಕ್ಕೆ ತರುವ ಹೋರಾಟ ಪದಕೋಶಗಳ ಸುತ್ತ ನಡೆಯಿತು. ಟಿಪ್ಪಣಿ, ಕಡತ, ಸುತ್ತೋಲೆ ಎಂಬ ಪದಗಳು ನೆಲೆಗೊಂಡವು. ವಾಕ್ಯದ ಬಗ್ಗೆ ಯಾರೂ ಅಷ್ಟಾಗಿ ಜಗಳವಾಡಲಿಲ್ಲ.

ಈ ಬಗೆಯ ಪಠ್ಯಗಳು ಇಂದು ಸಂಶೋಧಕರಿಗೆ ದುರ್ಲಭವೂ ಅಲ್ಲ. ವಿಧಾನಮಂಡಲದ ಜಾಲತಾಣದಲ್ಲಿ ಅಧಿವೇಶನಗಳ ಪ್ರಶ್ನೋತ್ತರಗಳು ದೊರೆಯುತ್ತವೆ. ಕನ್ನಡ ಅಧ್ಯಾಪಕರಿಗೆ ಅವು ದೂರದ ವಿಷಯವೂ ಅಲ್ಲ. 75 ಸದಸ್ಯರ ವಿಧಾನಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಏಳು, ಪದವೀಧರರ ಕ್ಷೇತ್ರದಿಂದ ಏಳು ಸ್ಥಾನಗಳಿವೆ. ಆ ಪ್ರತಿನಿಧಿಗಳನ್ನು ಆರಿಸುವವರಲ್ಲಿ ಈ ಪತ್ರಿಕೆಯ ಓದುಗರೂ ಇದ್ದಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಖಾಲಿ ಹುದ್ದೆ ಮತ್ತು ಅತಿಥಿ ಉಪನ್ಯಾಸಕರ ಸ್ಥಿತಿಗತಿಯ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಬಂದಿದೆ. ‘ಆರ್ಥಿಕ ಇಲಾಖೆಯ ಸಹಮತಿಗೆ ಒಳಪಟ್ಟು ಹಂತ ಹಂತವಾಗಿ ಭರ್ತಿ ಮಾಡಲಾಗುವುದು’ ಎಂಬ ಜಾಡಿನ ಉತ್ತರಗಳನ್ನು ಕಳೆದ ಇಪ್ಪತ್ತು ವರ್ಷಗಳ ನಡವಳಿಯಿಂದ ಆಯ್ದು, ಯಾವ ವರ್ಷದ ಉತ್ತರದಲ್ಲಿ ಕರ್ತೃಪದವಿತ್ತು, ಯಾವುದರಲ್ಲಿ ದಿನಾಂಕವಿತ್ತು, ‘ಹಂತ’ ಎಂಬುದಕ್ಕೆ ಸಂಖ್ಯೆ ಎಂದಾದರೂ ಸೇರಿತ್ತೇ ಎಂದು ನೋಡುವ ಕೆಲಸಕ್ಕೆ ಒಬ್ಬ ಎಂ.ಫಿಲ್. ವಿದ್ಯಾರ್ಥಿಯ ಒಂದು ವರ್ಷ ಸಾಕಾಗುತ್ತಿತ್ತು. ಎಂ.ಫಿಲ್. ಪದವಿಯನ್ನು 2022ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ನಿಲ್ಲಿಸಿತು. ಇಂಥ ಕೆಲಸವನ್ನು ಈಗ ಯಾರಾದರೂ ಕೈಗೆತ್ತಿಕೊಂಡರೆ ಅವರು ಬಹುಶಃ ಯಾವುದೋ ಕಾಲೇಜಿನ ಅತಿಥಿ ಉಪನ್ಯಾಸಕರೇ ಆಗಿರುತ್ತಾರೆ. ಅವರ ಕಾಲೇಜಿನ ಹೆಸರು, ಹುದ್ದೆಯ ಎದುರಿನ ಅಂಕಿ, ಅವರು ಓದಬೇಕಾದ ಉತ್ತರಕ್ಕೆ ಲಗತ್ತಿಸಿದ ಅನುಬಂಧದಲ್ಲೇ ಇರುತ್ತದೆ.