ಸೂರೆಯಾದ ಸೊತ್ತಿನ ಚರಿತ್ರೆಯನ್ನು ಬರೆಯಬೇಕಾದವರು ಯಾರು?



ಚಿನಕುರಳಿಗೆ ಶ್ರೀರಂಗಪಟ್ಟಣ ದೂರವಲ್ಲ. ಆದರೆ ಶ್ರೀರಂಗಪಟ್ಟಣದ ಸಂಪತ್ತು ಬಹುದೂರ ಸಾಗಿಹೋಗಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಸಿಂಹಾಸನವನ್ನು ಗೆದ್ದವರು ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆಯೂ ಹುಮಾ ಪಕ್ಷಿಯೂ ಇಂಗ್ಲೆಂಡಿನ ಅರಸರ ಸಂಗ್ರಹವನ್ನು ಸೇರಿವೆ. ಸುಲ್ತಾನನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. 2023ರಲ್ಲಿ ಆತನ ಖಡ್ಗವೊಂದು ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಮಾರಾಟವಾಯಿತು.

ಇಂತಹ ವಸ್ತುಗಳ ಪೂರ್ವೋತ್ತರವನ್ನು ಇಂದು ಯುರೋಪಿನ ವಿದ್ವಾಂಸರು ಶೋಧಿಸುತ್ತಿದ್ದಾರೆ. ಸಂತೋಷವೇ. ಆದರೆ ಸೊತ್ತನ್ನು ಇಟ್ಟುಕೊಂಡವನೇ ವಿಚಾರಣೆ ನಡೆಸಿ, ತೀರ್ಪನ್ನೂ ತಾನೇ ಬರೆದುಕೊಳ್ಳುವುದು ಯಾವ ನ್ಯಾಯ? ವಸ್ತುವನ್ನು ಯಾವ ದಳಪತಿ ಪಡೆದನು, ಅದು ಯಾವ ಮನೆತನಕ್ಕೆ ಹೋಯಿತು ಎಂಬುದಕ್ಕೆ ಅವರ ಕಾಗದಪತ್ರಗಳು ಸಾಲಬಹುದು. ಅದನ್ನು ಕೆತ್ತಿದ ಕೈ ಯಾವುದು, ಆ ಕಾಯಕ ಯಾರದು ಎಂಬುದಕ್ಕೆ ಈ ನಾಡಿನ ಭಾಷೆ, ಕಸುಬು, ಕಡತಗಳನ್ನು ಬಲ್ಲವರೇ ಬೇಕು.

ಇದು ಅಸಾಧ್ಯವಾದ ಮಾತಲ್ಲ. 1897ರಲ್ಲಿ ಆಂಗ್ಲ ಸೇನೆ ಆಫ್ರಿಕದ ಬೆನಿನ್ ನಗರವನ್ನು ಸೂರೆಗೊಂಡಿತು. ಅಲ್ಲಿಂದ ಲೋಕದ ನಾನಾ ಕಡೆ ಚದುರಿದ 5,000ಕ್ಕೂ ಹೆಚ್ಚು ವಸ್ತುಗಳ ಪಟ್ಟಿಯನ್ನು ಯುರೋಪಿನವರೂ ನೈಜೀರಿಯದವರೂ ಕೂಡಿ ಸಿದ್ಧಪಡಿಸಿ 2022ರಲ್ಲಿ ಪ್ರಕಟಿಸಿದರು. ಆ ಜನರ ಎಡೊ ಭಾಷೆಯ ಹೆಸರುಗಳೂ ಅದರಲ್ಲಿ ಸ್ಥಾನ ಪಡೆದಿವೆ. ಅದೇ ವರ್ಷ ಜರ್ಮನಿಯು ಬೆನಿನ್ನಿನ 22 ಕಲಾವಸ್ತುಗಳನ್ನು ನೈಜೀರಿಯಕ್ಕೆ ಒಪ್ಪಿಸಿತು.

"ಶೋಧನೆ ಏತಕ್ಕೆ? ಮೊದಲು ಎಲ್ಲವನ್ನೂ ತನ್ನಿ" ಎಂದು ವೇದಿಕೆಯ ಮೇಲೆ ಗುಡುಗುವವರು ನಮ್ಮಲ್ಲಿದ್ದಾರೆ. ಏನನ್ನು ತರಬೇಕೆಂಬ ಪಟ್ಟಿ ಅವರ ಬಳಿ ಇದೆಯೇ? ಸತ್ಯವು ನಮಗೆ ಒಪ್ಪುವಷ್ಟೇ ಹೊರಬರಲೆಂದು ಬಯಸುವುದೂ ಧರ್ಮವಲ್ಲ. ಸುಲ್ತಾನನ ಗ್ರಂಥಭಂಡಾರದ ಸೂಚಿಯನ್ನು 1809ರಲ್ಲಿ ಪ್ರಕಟಿಸಿದ ಚಾರ್ಲ್ಸ್ ಸ್ಟೀವರ್ಟನು, ಆ ಗ್ರಂಥಗಳಲ್ಲಿ ಬಹಳಷ್ಟು ಸವಣೂರು, ಕಡಪ ಮುಂತಾದೆಡೆಗಳ ಸೂರೆಯಿಂದ ಬಂದವೆಂದು ಬರೆದಿದ್ದಾನೆ. ಗೆದ್ದವರ ಮಾತೆಂದು ಇದನ್ನು ತಳ್ಳಿಹಾಕುವುದೂ ಸಲ್ಲದು, ಅಚ್ಚಾದ ಮಾತೆಂದು ಕಣ್ಣುಮುಚ್ಚಿ ನಂಬುವುದೂ ಸಲ್ಲದು. ಪರೀಕ್ಷಿಸಿ ನೋಡಬೇಕು, ಹಾಗೆ ಪರೀಕ್ಷಿಸುವ ಪಂಕ್ತಿಯಲ್ಲಿ ನಾವೂ ಸಮಾನರಾಗಿ ಕುಳಿತಿರಬೇಕು.

ಆದುದರಿಂದ ನಮ್ಮ ವಿಶ್ವವಿದ್ಯಾಲಯಗಳು ಪಾರಸಿಯನ್ನೂ ಹಳೆಯ ಕನ್ನಡ ಕಡತಗಳನ್ನೂ ಓದಬಲ್ಲ ತರುಣರನ್ನು ಸಿದ್ಧಗೊಳಿಸಲಿ. ಸರ್ಕಾರವು ಅವರನ್ನು ಅತಿಥಿಗಳಂತಲ್ಲ, ಹಕ್ಕುದಾರರಂತೆ ಅಲ್ಲಿಗೆ ಕಳುಹಿಸಲಿ. ಮಠಮಾನ್ಯಗಳೂ ತಮ್ಮಲ್ಲಿರುವ ಓಲೆಗರಿ, ತಾಮ್ರಪತ್ರ, ಪೂಜಾಸಾಮಗ್ರಿಗಳನ್ನು ಯಾರು, ಎಂದು ಕೊಟ್ಟರೆಂಬುದನ್ನು ಬರೆದಿಡಲಿ. ತನ್ನ ಮನೆಯ ಲೆಕ್ಕವಿಡದವನು ನೆರೆಮನೆಯ ಲೆಕ್ಕ ಕೇಳಿದರೆ ಕಿವಿಗೊಡುವವರಾರು?